ವಾರ್ನಿಷ್ ಹಚ್ಚಿದ ಗಂಟು

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಓದಲು ಕೊಡಬೇಕು, ನಾಲ್ಕು ಪುಟ ಬರೆದುಕೊಡಿ ಎಂದು ನಮ್ಮ ಅಂಗಡಿಯ ಕಿರಣ್ ಕೇಳಿ ಮೂರು ತಿಂಗಳಾಯಿತು. ಕಿರಣ್ ನಮ್ಮ ಅಂಗಡಿ ಯಜಮಾನರ ಮಗ. ಅವರು ತೀರಿಕೊಂಡ ಮೇಲೆ ದಾವಣಗೆರೆಯ ಅಂಗಡಿಯನ್ನು ಅವನೇ ನೋಡಿಕೊಳ್ಳುತ್ತಾನೆ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಮಾರುವುದು, ವರ್ಷಕ್ಕೊಮ್ಮೆ ಹೋಗಿ ಅವನ್ನು ಪರೀಕ್ಷಿಸಿ ತುಂಬಿಕೊಡುವುದು, ಜೊತೆಗೆ ಪ್ರಥಮ ಚಿಕಿತ್ಸೆಯ ಡಬ್ಬಿ ಇಡಿಸುವುದು ನಮ್ಮ ವ್ಯಾಪಾರ. ಮೂವತ್ತೊಂದು ವರ್ಷ ನಾನು ಆ ಸಿಲಿಂಡರುಗಳನ್ನು ಹೊತ್ತೆ. ಬಲಭುಜ ಮೇಲೆತ್ತಲು ಬಾರದಾದ ಮೇಲೆ ಬಿಟ್ಟೆ.

ಮೊದಲ ಎರಡು ಪುಟ ಸಲೀಸಾಗಿ ಬಂದವು. ಮೂರನೆಯದಕ್ಕೆ ಪೆನ್ನು ನಿಂತಿತು. ಹರಿಹರದ ರತ್ನಮ್ಮನವರ ಕೈಯ ವಿಷಯ ಅಲ್ಲಿ ಬರಬೇಕಿತ್ತು. ಅದನ್ನು ಬಿಟ್ಟು ಬರೆದರೆ ಬರೆದದ್ದೆಲ್ಲ ಸುಳ್ಳು. ಬರೆಯಬೇಕೆಂದರೆ ಮೊದಲು ಅವರಿಗೇ ಹೇಳಬೇಕು. ಹನ್ನೊಂದು ವರ್ಷದಿಂದ ನಾನು ಹೇಳಿರಲಿಲ್ಲ.

ಅದಕ್ಕೆ ಆಮೇಲೆ ಬರುತ್ತೇನೆ. ಕೆಲಸ ಎಂಥದ್ದು ಎಂಬುದನ್ನು ಮೊದಲು ಹೇಳುತ್ತೇನೆ.

ದೊಡ್ಡ ಕಾರ್ಖಾನೆಗಳಿಗೆ ಅವರದೇ ಜನ ಇರುತ್ತಾರೆ. ನಮ್ಮ ಪಾಲಿಗೆ ಬಂದದ್ದು ಮನೆಗಳು. ದಾವಣಗೆರೆ, ಹರಿಹರದಲ್ಲಿ ಎಷ್ಟೋ ಮನೆಗಳ ಹಿಂದುಗಡೆ ಒಂದು ತಗಡಿನ ಶೆಡ್ ಇರುತ್ತದೆ. ಅದರೊಳಗೆ ಒಂದು ಲೇತ್, ಇಲ್ಲವೇ ವೆಲ್ಡಿಂಗ್ ಮಷೀನು, ಇಲ್ಲವೇ ಬಡಗಿಯ ಬೆಂಚು. ಮಿಲ್ಲು, ಕಾರ್ಖಾನೆ ಬಾಗಿಲು ಹಾಕಿದಾಗ ಹೊರಬಿದ್ದವರು ಕೈಗೆ ಗೊತ್ತಿದ್ದ ಕೆಲಸವನ್ನು ಮನೆಗೇ ತಂದುಕೊಂಡರು. ಕಾರ್ಖಾನೆಯಲ್ಲಿದ್ದಾಗ ಗೋಡೆಗೆ ಸಿಲಿಂಡರ್ ಇತ್ತು, ಮರಳಿನ ಬಕೀಟು ಇತ್ತು, ಗಾಯ ಕಟ್ಟುವವನಿದ್ದ. ಮನೆಗೆ ಬರುವಾಗ ಅವನ್ನೆಲ್ಲ ಅಲ್ಲೇ ಬಿಟ್ಟು ಬಂದರು. ಅವರ ಮನೆಗೆ ಅವನ್ನು ಸೇರಿಸುವುದೇ ನನ್ನ ಕೆಲಸ. ಸ್ಕೂಟರಿನ ಹಿಂದೆ ಎರಡು ಸಿಲಿಂಡರ್ ಕಟ್ಟಿಕೊಂಡು ಪಿ.ಬಿ. ರಸ್ತೆಯಲ್ಲಿ ಹೋಗಿ ಬಂದು ಮಾಡುತ್ತಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡರೆ ಯಾರಿಗೂ ಖುಷಿಯಾಗುತ್ತಿರಲಿಲ್ಲ. ಬೆಂಕಿ ಬೀಳುತ್ತದೆ ಎಂದು ನೆನಪಿಸಲು ಬಂದವನನ್ನು ಕಂಡು ಯಾರು ತಾನೇ ನಗುತ್ತಾರೆ?

ಮರಳಿನ ಬಕೀಟಿನಿಂದ ಶುರು ಮಾಡುತ್ತೇನೆ. ಕೆಂಪು ಬಣ್ಣ ಹೊಡೆದು, ಸೋಸಿದ ಮರಳು ತುಂಬಿ, ಶೆಡ್ಡಿನ ಬಾಗಿಲ ಪಕ್ಕ ನೇತುಹಾಕಿ ಬರುತ್ತಿದ್ದೆ. ಮರುವರ್ಷ ಹೋದರೆ ಅರ್ಧ ಬಕೀಟು ಬೀಡಿ ತುಂಡು. ಒಂದು ಮನೆಯಲ್ಲಿ ಬೆಕ್ಕು ಅದನ್ನು ತನ್ನದೆಂದುಕೊಂಡಿತ್ತು. ಇನ್ನೊಂದು ಮನೆಯಲ್ಲಿ ಕೊತ್ತಂಬರಿ ಎದ್ದಿತ್ತು, ಹಸಿರಾಗಿ, ಚೆನ್ನಾಗಿಯೇ ಎದ್ದಿತ್ತು. "ಮರಳು ಸುಮ್ನೆ ಕೂತಿತ್ತಲ್ರಿ, ಅದಕ್ಕ ಸ್ವಲ್ಪ ಗೊಬ್ಬರ ಹಾಕಿದ್ವಿ" ಎಂದರು ಆ ಮನೆಯ ಅಜ್ಜಿ. ನಾನು ಹೊರಡುವಾಗ ಒಂದು ಹಿಡಿ ಕಿತ್ತು ಕೈಗೂ ಕೊಟ್ಟರು. ಇಂಥ ಕಡೆ ಸಿಟ್ಟು ಮಾಡಬಾರದು ಎಂದು ಕಲಿಯಲು ನನಗೆ ಬಹಳ ವರ್ಷ ಬೇಕಾಯಿತು. ನಾವು ಇಟ್ಟು ಬರುವುದೆಲ್ಲ ಕೆಲಸವಿಲ್ಲದೆ ಕೂರುವ ಸಾಮಾನು. ಬಡವರ ಮನೆಯಲ್ಲಿ ಕೆಲಸವಿಲ್ಲದೆ ಕೂತದ್ದಕ್ಕೆ ಒಂದು ಕೆಲಸ ಹುಡುಕಿಕೊಡುತ್ತಾರೆ.

ಔಷಧಿ ಡಬ್ಬಿಯ ಹಣೆಬರಹವೂ ಅಷ್ಟೇ. ಅದರ ಡೆಟಾಲು ಗಡ್ಡ ಕೆರೆದುಕೊಳ್ಳಲು ಹೋಗುತ್ತದೆ, ಬ್ಯಾಂಡೇಜ್ ಬಟ್ಟೆ ಎಣ್ಣೆ ಸೋಸಲು ಹೋಗುತ್ತದೆ, ಖಾಲಿಯಾದ ಖಾನೆಗಳಲ್ಲಿ ಡ್ರಿಲ್ ಬಿಟ್ಟುಗಳು ಸಾಲಾಗಿ ಮಲಗುತ್ತವೆ. ಇದನ್ನು ತಪ್ಪಿಸಲು ಒಂದು ಕಾಲದಲ್ಲಿ ನಾನೇ ಡಬ್ಬಿಗೆ ಬೀಗ ಹಾಕಿಸಿದೆ. ಬುದ್ಧಿವಂತಿಕೆ ಎಂದುಕೊಂಡಿದ್ದೆ. ಮಾಯಕೊಂಡದ ಒಬ್ಬ ಬಡಗಿಗೆ ಗರಗಸ ತಗುಲಿ ಹೆಬ್ಬೆರಳ ಬುಡ ಸೀಳಿತು. ಬೀಗದ ಕೈ ಹೆಂಡತಿಯ ಸೆರಗಿನಲ್ಲಿತ್ತು, ಹೆಂಡತಿ ಲೋಕಿಕೆರೆಯ ತವರಿಗೆ ಹೋಗಿದ್ದಳು. ಆತ ರಕ್ತ ಸೋರುವ ಕೈಯನ್ನು ಪಂಚೆಯಲ್ಲಿ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಸುತ್ತಿಗೆ ಹಿಡಿದು ಬೀಗ ಒಡೆದ. "ಗಾಯಕ್ಕಿಂತ ನಿಮ್ಮ ಬೀಗಾನೇ ಜಾಸ್ತಿ ಕಾಡ್ತು ನೋಡ್ರಿ" ಎಂದು ಆಮೇಲೆ ನನಗೆ ಹೇಳಿದ. ಅವತ್ತಿನಿಂದ ಬೀಗ ಹಾಕಿಸುವುದನ್ನು ಬಿಟ್ಟೆ. ಆದರೆ ಆ ಪಾಠವನ್ನು ಬೀಗದ ಮಟ್ಟಿಗೆ ಮಾತ್ರ ಕಲಿತೆ. ಕಟ್ಟಿಡುವುದು, ಬಿಗಿಯುವುದು, ಮುಟ್ಟದಂತೆ ಮಾಡುವುದು ಎಲ್ಲವೂ ಒಂದೇ ಜಾತಿಯ ತಪ್ಪು ಎಂದು ಆಗ ಹೊಳೆಯಲಿಲ್ಲ.

ಸುಟ್ಟ ಗಾಯಕ್ಕೆ ಜನ ಏನೇನು ಹಚ್ಚುತ್ತಾರೆ ಎಂದು ಬರೆಯಲು ಹೋದರೆ ಪುಟ ಸಾಲದು. ಟೂತ್‌ಪೇಸ್ಟು, ಇಂಕು, ಅರಿಶಿನ, ಗ್ರೀಸು. ನಾವೇನೂ ಮಹಾ ಜಾಣರಾಗಿರಲಿಲ್ಲ. ಬಹಳ ಕಾಲ ನಾನು ಡಬ್ಬಿಯಲ್ಲಿ ಹತ್ತಿಯ ಸುರುಳಿ ಇಟ್ಟು, ಸುಟ್ಟರೆ ಮುಲಾಮು ಹಚ್ಚಿ ಇದನ್ನು ಒತ್ತಿಕೊಳ್ಳಿ ಎಂದು ಹೇಳಿಬರುತ್ತಿದ್ದೆ. ಸುಟ್ಟ ಚರ್ಮಕ್ಕೆ ಹತ್ತಿ ಅಂಟಿದರೆ ಬಿಡಿಸುವಾಗ ಚರ್ಮವೂ ಬರುತ್ತದೆ. ಈಗ ಹೇಳುವುದು ಒಂದೇ: ಹದಿನೈದು ಇಪ್ಪತ್ತು ನಿಮಿಷ ಕೈಯನ್ನು ನಲ್ಲಿಯ ಕೆಳಗೆ ಹಿಡಿಯಿರಿ, ಏನನ್ನೂ ಹಚ್ಚಬೇಡಿ, ಒಗೆದ ತೆಳು ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೋಗಿ. ಕೇಳಿದವರು, "ಬರೀ ನೀರಾ?" ಎಂದು ಮೂಗು ಮುರಿಯುತ್ತಾರೆ. ಮುರಿಯಲಿ, ಬಿಡದೆ ಹೇಳಿ.

ಸಿಲಿಂಡರುಗಳೂ ಬದಲಾದವು. ನಾನು ಸೇರಿದಾಗ ತಲೆಕೆಳಗು ಮಾಡಿ ನೆಲಕ್ಕೆ ಕುಟ್ಟುವ ಸೋಡಾದವು ಇನ್ನೂ ಅಲ್ಲಲ್ಲಿ ಇದ್ದವು. ಆಮೇಲೆ ಪುಡಿಯವು ಬಂದವು. ಪಿನ್ ಕಿತ್ತು, ಹಿಡಿ ಒತ್ತಿದರೆ ಬಿಳಿ ಪುಡಿ ಹೊಗೆಯಾಗಿ ಹೊರಬರುತ್ತದೆ. ಕೊರಳಲ್ಲಿರುವ ಪುಟ್ಟ ಮೀಟರಿನ ಮುಳ್ಳು ಹಸಿರಿನಲ್ಲಿದ್ದರೆ ಒಳಗೆ ಒತ್ತಡ ಸರಿಯಿದೆ ಎಂದು ಅರ್ಥ. ಈಗ ಮೊಬೈಲಿನಲ್ಲಿ ಫೋಟೊ ಹೊಡೆದು ಅಂಗಡಿಗೆ ಕಳಿಸಿದರೆ ಪರೀಕ್ಷೆ ಮುಗಿಯಿತು. ನಮ್ಮ ಕಾಲದಲ್ಲಿ ಸಿಲಿಂಡರಿನ ಕೊರಳಿಗೆ ಒಂದು ರಟ್ಟಿನ ಚೀಟಿ ಕಟ್ಟಿರುತ್ತಿದ್ದೆವು. ತಾರೀಖು, ಅದರ ಮುಂದೆ "ಪರೀಕ್ಷಿಸಿದವರು" ಎಂಬಲ್ಲಿ ಸಹಿ. ಫೋಟೊ ಆದರೇನು, ಸಹಿ ಆದರೇನು, ಕೈ ಮುಟ್ಟಿ ನೋಡದಿದ್ದರೆ ಎರಡೂ ಒಂದೇ. ಇದನ್ನು ನಾನು ಬಾಯಿಮಾತಿಗೆ ಹೇಳುತ್ತಿಲ್ಲ.

ರತ್ನಮ್ಮನವರ ಮನೆ ಹರಿಹರದಲ್ಲಿ. ಅವರ ಗಂಡ ಬಸಣ್ಣ, ಮೊದಲು ಕಾರ್ಖಾನೆಯಲ್ಲಿದ್ದವರು. ಇಬ್ಬರೂ ಸೇರಿ ಮನೆಯ ಹಿಂದಿನ ಶೆಡ್ಡಿನಲ್ಲಿ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದರು. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವುದು. ಕೀಳುವುದು, ಹೊರುವುದು ಬಸಣ್ಣನ ಪಾಲು. ಸುತ್ತುವುದು ರತ್ನಮ್ಮನವರದು. ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಬೆರಳ ತುದಿಯಲ್ಲೇ ತೂಗಿ, ಮಾತಾಡುತ್ತಲೇ ಸುತ್ತು ಎಣಿಸುತ್ತಿದ್ದರು, ಲೆಕ್ಕ ತಪ್ಪುತ್ತಿರಲಿಲ್ಲ. ಮಿಕ್ಸಿ ಮೋಟರು ಅಂದರೆ ಹರಿಹರದ ಅಂಗಡಿಯವರೆಲ್ಲ ಅವರ ಕೈಗೇ ಕಳಿಸುತ್ತಿದ್ದರು.

ಸುತ್ತಿದ ತಂತಿಯನ್ನು ದಾರದಿಂದ ಬಿಗಿದು ಕಟ್ಟುತ್ತಾರೆ. ಆ ಗಂಟಿನ ಮೇಲೆ ವಾರ್ನಿಷ್ ಹಚ್ಚಿ, ಮೋಟರಿನ ಹೊಟ್ಟೆಯಲ್ಲಿ ದೊಡ್ಡ ಬಲ್ಬು ಉರಿಸಿ ಒಣಗಿಸುತ್ತಾರೆ. ವಾರ್ನಿಷ್ ಕುಡಿದ ದಾರ ಒಣಗಿದರೆ ಕಲ್ಲಾಗುತ್ತದೆ. ಮೋಟರ್ ಎಷ್ಟು ಜೋರಾಗಿ ತಿರುಗಿದರೂ ಗಂಟು ಅಲುಗಬಾರದು. ವಾರ್ನಿಷ್ ಹಚ್ಚದ ಗಂಟು ಅವರ ಕಸುಬಿನಲ್ಲಿ ಗಂಟೇ ಅಲ್ಲ.

ಒಂದು ವರ್ಷ ಅವರ ಚಿಕ್ಕ ಮಗಳು ಆಡುತ್ತಾ ಸಿಲಿಂಡರಿನ ಪಿನ್ ಕಿತ್ತು ಹಿಡಿ ಒತ್ತಿಬಿಟ್ಟಳು. ಶೆಡ್ಡು, ಅಡುಗೆಮನೆ, ಒಣಗಿಸಿದ್ದ ಹಪ್ಪಳ ಎಲ್ಲ ಬಿಳಿ. ಹೀಗಾದ ಮನೆಗಳು ಆ ವರ್ಷ ನಾಲ್ಕೈದಾಗಿದ್ದವು. ಖಾಲಿ ಸಿಲಿಂಡರ್ ಹೊತ್ತು ಅಂಗಡಿಗೆ ಬಂದಾಗಲೆಲ್ಲ ಯಜಮಾನರು, "ನೀನು ಸರಿಯಾಗಿ ಹೇಳಿಬರಲ್ಲ, ಅದಕ್ಕೇ ಹಿಂಗಾಗ್ತತೆ" ಎಂದು ಎಲ್ಲರ ಮುಂದೆ ಗದರುತ್ತಿದ್ದರು. ಪಿನ್ನಿಗೆ ಒಂದು ತೆಳ್ಳಗಿನ ಪ್ಲಾಸ್ಟಿಕ್ ಸೀಲು ಇರುತ್ತದೆ, ಎಳೆದರೆ ತುಂಡಾಗಬೇಕು. ಅದು ಮಕ್ಕಳ ಕೈಗೂ ತುಂಡಾಗುತ್ತದೆ. ಗದರಿಸಿಕೊಂಡು ಸಾಕಾಗಿತ್ತು. ಹೊಸ ಸಿಲಿಂಡರ್ ತೂಗುಹಾಕುವಾಗ ನಾನೇ ಹೇಳಿದೆ:

"ಪಿನ್ನಿಗೆ ಒಂದು ದಾರ ಕಟ್ಟಿಬಿಡ್ರಿ ರತ್ನಮ್ಮ. ಕೂಸು ಎಳೆದ್ರೆ ಬರಬಾರದು."

"ಅಷ್ಟೇ ತಾನೆ, ಕಟ್ತೀನಿ ಬಿಡ್ರಿ ಹಾಲೇಶಣ್ಣ" ಎಂದರು.

ಆ ಸಲ ಆಯುಧಪೂಜೆ ಕಳೆದು ಎರಡು ದಿನಕ್ಕೆ ಅವರ ಮನೆಗೆ ಹೋದೆ. ಶೆಡ್ಡಿನ ಮಷೀನುಗಳ ಮೇಲೆಲ್ಲ ವಿಭೂತಿ, ಕುಂಕುಮ, ಬಾಡಿದ ಚೆಂಡು ಹೂವು. ನಮ್ಮ ಸಿಲಿಂಡರಿಗೂ ಮೂರು ಬೆರಳ ವಿಭೂತಿ ಎಳೆದು ಹಾರ ಹಾಕಿದ್ದರು. ಅದನ್ನೂ ಆಯುಧ ಎಂದು ಎಣಿಸಿದ ಮನೆ ನಾನು ಕಂಡದ್ದು ಅದೊಂದೇ. ಪೂಜೆಗೆ ಮುಂಚೆ ಒರೆಸಿ, ಥಳಥಳ ಅನ್ನಲೆಂದು ಇಡೀ ಸಿಲಿಂಡರಿಗೆ ಒಂದು ಕೈ ವಾರ್ನಿಷ್ ಎಳೆದಿದ್ದರು. ಪಿನ್ನಿನ ಗಂಟಿಗೆ ಎರಡು ಕೈ. ಎಂಟು ಸುತ್ತು ದಾರ, ಮಿಕ್ಸಿ ಮೋಟರಿಗೆ ಕಟ್ಟುವ ಹಾಗೆಯೇ, ಒಂದರ ಪಕ್ಕ ಒಂದು. ಬಹಳ ಚಂದದ ಗಂಟು.

ನನಗೆ ಕಣ್ಣು ತುಂಬಿ ಬಂದಿತ್ತು, ನಿಜ ಹೇಳುತ್ತೇನೆ. ಬೆಕ್ಕು, ಬೀಡಿ, ಕೊತ್ತಂಬರಿ ನೋಡಿ ನೋಡಿ ಬೇಸತ್ತವನಿಗೆ, ನನ್ನ ಸಾಮಾನನ್ನು ಇಷ್ಟು ಜೋಪಾನ ಮಾಡಿದವರು ಸಿಕ್ಕಿದ್ದರು. "ಇಟ್ಕೊಂಡ್ರೆ ಹಿಂಗೆ ಇಟ್ಕೋಬೇಕು ನೋಡ್ರಿ" ಎಂದೆ. ಮುಳ್ಳು ಹಸಿರಿನಲ್ಲಿತ್ತು. ಚೀಟಿಯಲ್ಲಿ ತಾರೀಖು ಬರೆದು "ಪರೀಕ್ಷಿಸಿದವರು" ಎಂಬಲ್ಲಿ ಸಹಿ ಹಾಕಿದೆ. ಪಿನ್ ಮುಟ್ಟಲಿಲ್ಲ. ಆ ಕೆಲಸ ಕೆಡಿಸಲು ಮನಸ್ಸು ಬರಲಿಲ್ಲ. ಚಹಾ ಕುಡಿದು ಬಂದೆ. ಅಷ್ಟೇ ಅಲ್ಲ, ಮುಂದೆ ಹೋದ ಎಷ್ಟೋ ಮನೆಗಳಲ್ಲಿ ಹರಿಹರದ ಒಬ್ಬ ಹೆಣ್ಣುಮಗಳು ಹೀಗೆ ಕಟ್ಟಿದ್ದಾಳೆ, ನೀವೂ ಕಟ್ಟಿ ಎಂದು ಹೊಗಳಿಕೊಂಡು ತಿರುಗಿದೆ. ಮರುವರ್ಷವೂ ಅವರ ಮನೆಗೆ ಹೋದೆ, ನೋಡಿದೆ, ಸಹಿ ಹಾಕಿದೆ.

ಅದಾಗಿ ಕೆಲವೇ ತಿಂಗಳಿಗೆ ಒಂದು ಮಧ್ಯಾಹ್ನ ಬಸಣ್ಣ ರಿಪೇರಿಯಾದ ಪಂಪು ಕೊಡಲು ಸಾರಥಿ ಎಂಬ ಹಳ್ಳಿಗೆ ಹೋಗಿದ್ದರು. ಒಣಗಲು ಇಟ್ಟಿದ್ದ ಮೋಟರಿನೊಳಗಿನ ಬಲ್ಬು ಒಡೆದು ವಾರ್ನಿಷ್ ತಟ್ಟೆಗೆ ಬಿತ್ತು. ತಟ್ಟೆ ಹೊತ್ತಿಕೊಂಡಿತು. ಪಕ್ಕದ ಗೋಡೆಯಾಚೆ ಅಡುಗೆಮನೆ, ಅಲ್ಲಿ ಗ್ಯಾಸ್ ಸಿಲಿಂಡರ್, ಅದರಾಚೆ ಮಲಗಿದ್ದ ಮಗಳು. ರತ್ನಮ್ಮ ನಮ್ಮ ಸಿಲಿಂಡರ್ ಇಳಿಸಿಕೊಂಡರು. ಪಿನ್ ಬರಲಿಲ್ಲ. ಕಡೆಗೆ ಉರಿಯುವ ತಟ್ಟೆಯನ್ನೇ ಎರಡೂ ಕೈಯಲ್ಲಿ ಎತ್ತಿ ಹಿತ್ತಲಿಗೆ ಒಯ್ದು ಎಸೆದರು. ಅಕ್ಕಪಕ್ಕದವರು ಓಡಿಬಂದು ಮಣ್ಣು ಹಾಕಿದರು. ಆಮೇಲೆ ನಮ್ಮದೇ ಡಬ್ಬಿ ತೆಗೆದು, ನಾನು ಹೇಳಿದ್ದ ಹಾಗೆ, ರತ್ನಮ್ಮನವರ ಅಂಗೈಗೆ ಹತ್ತಿ ಒತ್ತಿದರು.

ಮರುದಿನ ಹೋಗಿ ಸಿಲಿಂಡರ್ ಅಂಗಡಿಗೆ ತಂದೆ. ಪಕ್ಕಡದಲ್ಲಿ ಹಿಡಿದು ಎಳೆದೆ, ಪಿನ್ ಜಗ್ಗಲಿಲ್ಲ. ಕಡೆಗೆ ಗರಗಸದ ಬ್ಲೇಡಿನಲ್ಲಿ ಕುಯ್ದು ತೆಗೆದೆ. ಗಂಟಿನ ಮೇಲೆ ಹಲ್ಲಿನ ಗುರುತುಗಳಿದ್ದವು. ಕೈಯಲ್ಲಿ ಬರದಿದ್ದಾಗ ಹಲ್ಲಿನಿಂದ ಎಳೆದಿದ್ದಾರೆ. ಯಜಮಾನರಿಗೆ ತೋರಿಸಿದೆ. ಅವರು ಬಹಳ ಹೊತ್ತು ಅದನ್ನು ತಿರುವಿ ಮುರುವಿ ನೋಡಿದರು.

"ಚೀಟಿ ಮೇಲೆ ಸಹಿ ಯಾರ್ದು?"

"ನಂದೇ."

"ಹಂಗಾರೆ ಬಾಯಿ ಮುಚ್ಕೊಂಡಿರು. ಗಾಬರಿಗೆ ಪಿನ್ ಕೀಳಾಕೆ ಬರಲಿಲ್ಲ ಅನ್ನು. ಎಷ್ಟೋ ಜನಕ್ಕೆ ಹಂಗಾಗ್ತತೆ. ನಿನ್ನ ಹೊಟ್ಟೆಪಾಡೂ ಇದ್ರಾಗೇ ಐತೆ, ನಂದೂ ಇದ್ರಾಗೇ ಐತೆ."

ಅವರು ಕೆಟ್ಟವರಲ್ಲ. ನನ್ನ ಮಗಳ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವರು. ಆದರೆ ಅವತ್ತು ಹೇಳಿದ್ದು ಕೆಟ್ಟ ಮಾತು, ಅದನ್ನು ಕೇಳಿದ ನಾನು ಅವರಿಗಿಂತ ಕೆಟ್ಟವನು. ಆಸ್ಪತ್ರೆಗೆ ಹೋಗಿ ಬಸಣ್ಣನ ಎದುರು, ಮಂಚದ ಮೇಲಿದ್ದ ರತ್ನಮ್ಮನವರಿಗೆ ಕೇಳುವ ಹಾಗೆಯೇ ಹೇಳಿದೆ: "ಗಾಬರಿಗೆ ಹಂಗಾಗ್ತತೆ ಬಿಡ್ರಿ. ಪಿನ್ನೇನೋ ಸರಿ ಇತ್ತು."

ರತ್ನಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಅಲ್ಲಿಂದ ಎದ್ದು ಬಂದೆ.

ಬಲಗೈಯ ಎರಡು ಬೆರಳು ಮಡಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ. ಮಿಕ್ಸಿ, ಫ್ಯಾನಿನ ಸಣ್ಣ ತಂತಿ ಅವರ ಕೈಗೆ ಹಿಡಿಯದಾಯಿತು. ಪಂಪಿನ ದಪ್ಪ ತಂತಿ ಮಾತ್ರ ಹೇಗೋ ಸುತ್ತುತ್ತಾರೆ. ಅದಕ್ಕಿಂತ ನನ್ನನ್ನು ಕೊರೆದದ್ದು ಬೇರೆ. ವಾರ್ನಿಷ್ ಕೆಲಸಕ್ಕೆ ಅವರು ಮತ್ತೆ ಕೈಹಾಕಲಿಲ್ಲ, ಒಬ್ಬರೇ ಶೆಡ್ಡಿನಲ್ಲಿ ನಿಲ್ಲುವುದನ್ನೂ ಬಿಟ್ಟರು. ವರ್ಷಕ್ಕೊಮ್ಮೆ ಹೋದಾಗ ಬಸಣ್ಣ ತಮಾಷೆಗೆಂಬಂತೆ, "ನಮ್ಮನೆಯಾಕಿಗೆ ತೋರಿಸಬ್ಯಾಡ್ರಿ, ಸಿಲಿಂಡರ್ ಕಂಡ್ರೇ ಗಾಬರಿ ಬೀಳ್ತಾಳೆ" ಎನ್ನುತ್ತಿದ್ದರು. ರತ್ನಮ್ಮ ನಕ್ಕ ಹಾಗೆ ಮಾಡಿ ಒಳಗೆ ಹೋಗಿ ಚಹಾ ಇಡುತ್ತಿದ್ದರು. ಹನ್ನೊಂದು ವರ್ಷ ನಾನು ಆ ಚಹಾ ಕುಡಿದೆ.

ಬೇರೆ ಮನೆಗಳಲ್ಲಿ ಕಟ್ಟಿಸಿದ್ದ ಗಂಟುಗಳನ್ನೆಲ್ಲ ಆ ತಿಂಗಳೇ ಹೋಗಿ ಕತ್ತರಿಸಿ ಬಂದೆ. ಡಬ್ಬಿಗಳಿಂದ ಹತ್ತಿಯ ಸುರುಳಿ ತೆಗೆದೆ. ಯಾಕೆ ಎಂದು ಕೇಳಿದವರಿಗೆ ಹೊಸ ರೂಲು ಬಂದಿದೆ ಎಂದೆ. ಆಮೇಲಿನ ವರ್ಷಗಳಲ್ಲಿ ಪ್ರತಿ ಮನೆಯಲ್ಲೂ ಪಿನ್ನನ್ನು ಅರ್ಧ ಎಳೆದು, ಮತ್ತೆ ಸೇರಿಸಿ, ಹೊಸ ಸೀಲು ಹಾಕದೆ ಸಹಿ ಹಾಕಲಿಲ್ಲ. ಮನೆಯವರ ಕೈಯಲ್ಲೂ ಎಳೆಸುತ್ತಿದ್ದೆ. ನನ್ನನ್ನು ಅಂಗಡಿಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನ ಮನುಷ್ಯ ಎನ್ನುತ್ತಿದ್ದರು. ಕೇಳಿದಾಗಲೆಲ್ಲ ಸುಸ್ತಾಗುತ್ತಿತ್ತು. ಕುಯ್ದ ಆ ಗಂಟು, ಪಿನ್ನಿನ ಸಮೇತ, ನನ್ನ ಸಾಮಾನಿನ ಡಬ್ಬಿಯ ತಳದಲ್ಲೇ ಇತ್ತು. ಬಿಸಾಡಲು ಎಷ್ಟೋ ಸಲ ತೆಗೆದಿದ್ದೆ.

ಕಳೆದ ಬುಧವಾರ ಬೆಳಗ್ಗೆ ಅದನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಗಂಡ ಹೆಂಡತಿ ಇಬ್ಬರೂ ಶೆಡ್ಡಿನಲ್ಲಿದ್ದರು. "ಬರ್ರಿ ಹಾಲೇಶಣ್ಣ, ಕೂಡ್ರಿ, ಕೆಲಸ ಬಿಟ್ಟೆ ಬಿಟ್ಟೆ ಅಂದ್ರಿ, ಮತ್ತೆ ಬಂದೀರಿ" ಎಂದರು ಬಸಣ್ಣ. ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಶುರುವಾಗುತ್ತಿತ್ತು. ಗಂಟನ್ನು ಬೆಂಚಿನ ಮೇಲೆ ರತ್ನಮ್ಮನವರ ಮುಂದೆ ಇಟ್ಟೆ.

"ಅವತ್ತು ನಿಮಗೆ ಗಾಬರಿ ಆಗಿರಲಿಲ್ಲ. ಪಿನ್ ಅಂಟಿತ್ತು. ಪಕ್ಕಡಕ್ಕೂ ಬರಲಿಲ್ಲ, ಕುಯ್ದು ತೆಗೆದೆ. ದಾರ ಕಟ್ರಿ ಅಂದೋನು ನಾನು. ಎರಡು ಸಲ ಬಂದು ಮುಟ್ಟಿ ನೋಡ್ದೆ ಸಹಿ ಹಾಕಿದೋನು ನಾನು. ಆಸ್ಪತ್ರೇಲಿ ಸುಳ್ಳು ಹೇಳ್ದೆ."

ರತ್ನಮ್ಮ ಗಂಟನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು, ಹೆಬ್ಬೆರಳಿಂದ ಸವರಿ, ಹಲ್ಲಿನ ಗುರುತಿನ ಮೇಲೆ ನಿಲ್ಲಿಸಿದರು.

"ಇದು ನನ್ನ ಹಲ್ಲು" ಎಂದರು.

"ಹೌದು."

"ನಾನು ಕಚ್ಚಿ ಎಳೆದೆ ಅಂತ ನಂಗೆ ನೆನಪಿತ್ತು. ಇವ್ರಿಗೂ ಹೇಳಿದ್ದೆ. ಅದೂ ಗಾಬರೀಲಿ ನಿಂಗೆ ಅನ್ಸಿರ್ತತೆ ಅಂದ್ರು. ಆಮೇಲೆ ನಂಗೂ ಹಂಗೇ ಅನ್ಸಾಕೆ ಹತ್ತಿತ್ತು."

ಗಂಟನ್ನು ಬಸಣ್ಣನ ಅಂಗೈಯಲ್ಲಿಟ್ಟರು. ಬಸಣ್ಣ ಅದನ್ನು ನೋಡಿದರು, ನನ್ನನ್ನು ನೋಡಿದರು. ಅವರೂ ನಾನೂ ತಲೆ ತಗ್ಗಿಸಿದೆವು.

ರತ್ನಮ್ಮ ಎದ್ದು, ಗೋಡೆಯ ಸಿಲಿಂಡರನ್ನು ಇಳಿಸಿಕೊಂಡರು. ಹಿತ್ತಲಿಗೆ ನಡೆದರು. ಬಾಗಿಲಿಗೆ ಬೆನ್ನು ಮಾಡಿ ನಿಂತು, ನಾನು ಎಂದೋ ಹೇಳಿಕೊಟ್ಟಿದ್ದ ಹಾಗೆಯೇ ಪಿನ್ ಕಿತ್ತು, ಮಡಚಿದ ಬೆರಳುಗಳಲ್ಲಿ ಹಿಡಿ ಒತ್ತಿದರು. ಬಿಳಿ ಪುಡಿ ಕರಿಬೇವಿನ ಗಿಡವನ್ನೆಲ್ಲ ಮುಚ್ಚಿತು. ಪೂರ್ತಿ ಖಾಲಿಯಾಗುವವರೆಗೂ ಬಿಡಲಿಲ್ಲ.

"ಇಷ್ಟೇನಾ?" ಎಂದರು. "ಇಷ್ಟಕ್ಕೆ ಹನ್ನೊಂದು ವರ್ಷ ನನ್ನ ಮಗಳ ಮುಂದೆ ನಾನು ಹೆದರುಪುಕ್ಲಿ ಆಗಿದ್ನಾ?"

ಕ್ಷಮೆ ಕೇಳಿದೆ. ಅವರು ಆಯಿತು ಎನ್ನಲಿಲ್ಲ, ಚಹಾ ಕುಡಿದು ಹೋಗಿ ಎಂದೂ ಅನ್ನಲಿಲ್ಲ. ಖಾಲಿ ಸಿಲಿಂಡರನ್ನು ನನ್ನ ಮುಂದೆ ತಂದಿಟ್ಟರು.

"ತುಂಬಿಸ್ಕೊಂಡು ಬರ್ರಿ."

"ಕಿರಣನ ಕಡೆಯೋರು ಯಾರಾದ್ರೂ..."

"ಬ್ಯಾಡ. ನೀವೇ ತರ್ರಿ."

ಎಡಭುಜದ ಮೇಲೆ ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದೆ. ಶನಿವಾರ ತುಂಬಿಸಿಕೊಂಡು ಹೋದೆ. ಬಸಣ್ಣ ಬಾಗಿಲಲ್ಲಿ ಪಕ್ಕಕ್ಕೆ ಸರಿದು ದಾರಿ ಕೊಟ್ಟರು. ರತ್ನಮ್ಮ ವಾರ್ನಿಷ್ ತಟ್ಟೆಯ ಮುಂದೆ ಕೂತು ಮೋಟರಿಗೆ ಬ್ರಷ್ ಆಡಿಸುತ್ತಿದ್ದರು. ಕೈ ಒರೆಸಿಕೊಂಡು ಎದ್ದು ಬಂದು ಮುಳ್ಳು ನೋಡಿದರು. ಪಿನ್ನನ್ನು ಪೂರ್ತಿ ಹೊರಗೆಳೆದರು, ಮತ್ತೆ ಸೇರಿಸಿದರು, ಸೀಲು ಇಸಿದುಕೊಂಡು ತಾವೇ ಹಾಕಿದರು. ನಾನು ಚೀಟಿಯಲ್ಲಿ ತಾರೀಖು ಬರೆದು, "ಪರೀಕ್ಷಿಸಿದವರು" ಎಂಬಲ್ಲಿಗೆ ಪೆನ್ನು ಒಯ್ದೆ.

"ಕೊಡ್ರಿ ಇಲ್ಲಿ" ಎಂದು ಪೆನ್ನು ಇಸಿದುಕೊಂಡರು. ಬೆರಳು ಮಡಚಿದ್ದರಿಂದ ಹೊತ್ತು ಹಿಡಿಯಿತು. ನಾನು ಚೀಟಿಯನ್ನು ಅಲುಗದಂತೆ ಹಿಡಿದುಕೊಂಡೆ, ಅವರು ತಮ್ಮ ಹೆಸರು ಬರೆದರು.